ಮಿಲಿಟರಿಯಲ್ಲಿ ಕಲಿತ ಶುಶ್ರೂಷೆಗೆ ಊರಿನಲ್ಲಿ ಅರ್ಹತೆಯ ಕಾಗದ ಪಡೆಯುವುದು ಹೇಗೆ?

ಸೇನಾ ವೈದ್ಯಕೀಯ ದಳದಲ್ಲಿ 17 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದು ಮಂಡ್ಯಕ್ಕೆ ಮರಳಿದ ಮೊದಲ ತಿಂಗಳಲ್ಲೇ ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಕೆಲಸ ಕೇಳಿಕೊಂಡು ಹೋಗಿದ್ದೆ. ನನ್ನ ಬಯೋಡೇಟಾದ ಮೊದಲ ಸಾಲು 'ಎಂಐ ರೂಂ ಎನ್‌ಸಿಒ, 6 ವರ್ಷ' ಎಂದಿತ್ತು. ಎಂಐ ರೂಂ ಎಂದರೆ ಸೇನಾ ಘಟಕದ ಹೊರರೋಗಿ ಚಿಕಿತ್ಸಾ ಕೊಠಡಿ, ಎನ್‌ಸಿಒ ಎಂದರೆ ನಾಯಕ್, ಹವಾಲ್ದಾರ್ ದರ್ಜೆಯವರು. ಸಿಬ್ಬಂದಿ ವಿಭಾಗದ ಹೆಣ್ಣುಮಗಳು ಅದನ್ನು ಎರಡು ಸಲ ಓದಿ, 'ಸರ್, ರೂಂ ಅಂದ್ರೆ ಹೌಸ್‌ಕೀಪಿಂಗಾ?' ಎಂದು ವಿನಯದಿಂದಲೇ ಕೇಳಿದರು. ಕೊನೆಗೆ ಅವರು ಕೊಡಲು ಒಪ್ಪಿದ್ದು ವಾರ್ಡ್ ಅಟೆಂಡರ್ ಕೆಲಸವನ್ನು. ಅತ್ತ ಊರಿನಲ್ಲಿ ಅದೇ ವಾರ, ಜಗಲಿಯ ಮೇಲೆ ನಾಲ್ಕು ಜನ ಕುಳಿತು 'ಮಿಲ್ಟ್ರಿ ಡಾಕ್ಟ್ರು ಬಂದವ್ರಂತೆ, ಒಂದು ಸೂಜಿ ಹಾಕ್ಲಿ' ಎಂದು ಕಾಯುತ್ತಿದ್ದರು.

ಇವೆರಡೂ ತಪ್ಪು ಲೆಕ್ಕಗಳೇ. ಸೇನೆಯಲ್ಲಿ ಪಡೆದ ವೈದ್ಯಕೀಯ ತರಬೇತಿಗೆ ನಾಗರಿಕ ಜೀವನದಲ್ಲಿ ಒಂದೇ ನಿಶ್ಚಿತ ಬೆಲೆಯಿಲ್ಲ. ಯಾರ ಬಾಗಿಲಿಗೆ ಹೋಗುತ್ತೇವೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಪೆನ್ಷನ್ ಬರುವ ಹೊಸ್ತಿಲಲ್ಲಿರುವವರೂ, ಈಗಾಗಲೇ ಬಂದು ಕುಳಿತವರೂ ಯಾವ ಕ್ರಮದಲ್ಲಿ ಹೆಜ್ಜೆ ಇಟ್ಟರೆ ಓಡಾಟ ಕಡಿಮೆಯಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬಾಗಿಲು ಯಾವುದೆಂದು ಗುರುತಿಸಿಕೊಳ್ಳಿ

'ನಮ್ಮ ಕ್ಲಾಸ್ ಒನ್ ಸರ್ಟಿಫಿಕೇಟು ಜಿಎನ್‌ಎಂಗೆ ಸಮವೇ?' ಎಂಬುದು ನನಗೆ ಅತಿ ಹೆಚ್ಚು ಬಾರಿ ಎದುರಾಗಿರುವ ಪ್ರಶ್ನೆ. ಕ್ಲಾಸ್ ಒನ್ ಎಂದರೆ ಸೇನೆಯೊಳಗಿನ ವೃತ್ತಿ ಪರೀಕ್ಷೆಗಳಲ್ಲಿ ಮೇಲಿನ ಹಂತ, ಜಿಎನ್‌ಎಂ ಎಂದರೆ ನಾಗರಿಕರ ನರ್ಸಿಂಗ್ ಡಿಪ್ಲೊಮಾ. ಕೇಳುವವರು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಾದರೆ ಉತ್ತರ 'ಅಲ್ಲ'. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಆದರೆ, ಅದರ ಸ್ವಂತ ನೇಮಕಾತಿಯ ಮಟ್ಟಿಗೆ, ಉತ್ತರ 'ಹೌದು'.

ಕಾರಣವಿಷ್ಟೇ. ನರ್ಸ್ ಮತ್ತು ಫಾರ್ಮಸಿಸ್ಟ್ ಎಂಬ ಹುದ್ದೆಗಳು ಕಾನೂನಿನ ನೋಂದಣಿಗೆ ಒಳಪಟ್ಟಿವೆ. ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಮಾನ್ಯತೆ ಪಡೆದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ಕೋರ್ಸು), ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿರಲೇಬೇಕು, ಔಷಧ ವಿತರಿಸಲು 1948ರ ಫಾರ್ಮಸಿ ಕಾಯ್ದೆಯಂತೆ ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಎಷ್ಟೇ ವರ್ಷದ ಸರ್ವಿಸ್ ಇದ್ದರೂ ಅದು ಈ ಓದಿನ ಬದಲಿಗೆ ನಿಲ್ಲುವುದಿಲ್ಲ. ಪ್ರಯೋಗಾಲಯ, ಎಕ್ಸ್‌ರೇ, ಶಸ್ತ್ರಚಿಕಿತ್ಸಾ ಕೊಠಡಿ, ತುರ್ತು ಚಿಕಿತ್ಸೆಯಂತಹ ಕೆಲಸಗಳನ್ನು 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಇದೇ ದಾರಿಗೆ ತಂದಿದೆ. ಅದರ ಪ್ರಕಾರ ಸಹವರ್ತಿ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು 2ರಿಂದ 4 ವರ್ಷಗಳಲ್ಲಿ ಹರಡಿರುವ, ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಇರಬೇಕು.

ಇವುಗಳ ಹೊರಗೆ, ಬಹುಮಟ್ಟಿಗೆ ಉದ್ಯೋಗದಾತನ ತೃಪ್ತಿಯೇ ಮುಖ್ಯವಾಗುವ ಕೆಲಸಗಳೂ ಇವೆ: ಕಾರ್ಖಾನೆಗಳ ಪ್ರಥಮ ಚಿಕಿತ್ಸಾ ಕೊಠಡಿ, ಮನೆ ಆರೈಕೆ, ಆಸ್ಪತ್ರೆಯ ಉಗ್ರಾಣ ಮತ್ತು ನಿರ್ಜಂತುಕರಣ ವಿಭಾಗ, ಸುರಕ್ಷತಾ ತರಬೇತಿ. ಇಲ್ಲಿ ಅನುಭವಕ್ಕೆ ನೇರ ಬೆಲೆಯಿದೆ, ಆದರೆ ಅದನ್ನು ಅವರಿಗೆ ಅರ್ಥವಾಗುವಂತೆ ಹೇಳಬೇಕು.

ಗೇಟು ದಾಟುವ ಮುನ್ನ ಕಾಗದ ಕೂಡಿಸಿ

ಮನೆಗೆ ಬಂದ ಮೇಲೆ ಒಂದು ಸಣ್ಣ ಪ್ರಮಾಣಪತ್ರಕ್ಕಾಗಿ ಲಕ್ನೋದಲ್ಲಿರುವ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವುದಕ್ಕಿಂತ, ಸರ್ವಿಸ್‌ನ ಕೊನೆಯ ವರ್ಷದಲ್ಲಿ ಘಟಕದ ಕ್ಲರ್ಕ್ ಪಕ್ಕದಲ್ಲೇ ಇರುವಾಗ ಅದನ್ನು ಮಾಡಿಸಿಕೊಳ್ಳುವುದು ಎಷ್ಟೋ ಸುಲಭ. ಡಿಸ್ಚಾರ್ಜ್ ಬುಕ್ ಮತ್ತು ಪೆನ್ಷನ್ ಆದೇಶವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಉಳಿದವನ್ನು. ಕ್ಲಾಸ್ ತ್ರೀ, ಟೂ, ಒನ್ ಪರೀಕ್ಷೆಗಳ ಪ್ರತ್ಯೇಕ ಪ್ರಮಾಣಪತ್ರಗಳು, ಪ್ರತಿ ಕೋರ್ಸಿನ ಅವಧಿ ಮತ್ತು ವಿಷಯಗಳನ್ನು ತೋರಿಸುವ ಪಠ್ಯವಿವರ, ಸೇನಾ ಆಸ್ಪತ್ರೆಯಲ್ಲಿ ಯಾವ ವಾರ್ಡಿನಲ್ಲಿ ಎಷ್ಟು ತಿಂಗಳು ದುಡಿದಿರಿ ಎಂಬ ಅನುಭವ ಪತ್ರ, ಬ್ಯಾಟಲ್‌ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಆಗಿದ್ದರೆ ಅದರ ದಾಖಲೆ, ಇವೆಲ್ಲವೂ ಬೇಕು. ಅನುಭವ ಪತ್ರಕ್ಕೆ ವೈದ್ಯಾಧಿಕಾರಿಯ ಸಹಿ ಇರಲಿ. ಅವರ ಹೆಸರು, ಹುದ್ದೆ, ದಿನಾಂಕ ಸ್ಪಷ್ಟವಾಗಿರಲಿ. 'ಶಿಸ್ತಿನ ಸಿಪಾಯಿ, ಕರ್ತವ್ಯನಿಷ್ಠ' ಎಂದು ಬರೆದ ಪತ್ರದಿಂದ ಆಸ್ಪತ್ರೆಯವರಿಗೆ ಏನೂ ತಿಳಿಯುವುದಿಲ್ಲ. 'ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ 14 ತಿಂಗಳು, ರಾತ್ರಿ ಪಾಳಿಯ ಹೊಣೆ ಸಹಿತ' ಎಂದಿದ್ದರೆ ಎಲ್ಲವೂ ತಿಳಿಯುತ್ತದೆ.

ಎಕ್ಸ್‌ರೇ ವಿಭಾಗದಲ್ಲಿ ರೇಡಿಯೋಗ್ರಾಫರ್ ಆಗಿದ್ದವರು ಇನ್ನೊಂದು ಮಾತನ್ನು ನೆನಪಿಡಬೇಕು. ಎದೆಯ ಮೇಲೆ ಧರಿಸುತ್ತಿದ್ದ, ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜಿನ ವಿಕಿರಣ ದಾಖಲೆಯನ್ನು ಪ್ರತಿ ಮಾಡಿಸಿಕೊಂಡು ತನ್ನಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ವಿಕಿರಣ ಕೆಲಸಗಾರನೊಬ್ಬ 5 ವರ್ಷಗಳಲ್ಲಿ 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ದಾಟುವಂತಿಲ್ಲ. ಹೊಸ ಆಸ್ಪತ್ರೆಯು ಈ ಲೆಕ್ಕ ಇಡಬೇಕಾದರೆ ಹಿಂದಿನ ಅಂಕಿ ಬೇಕೇ ಬೇಕು.

ಊರಿಗೆ ಬಂದ ಕೂಡಲೇ ಮೈಸೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮಾಜಿ ಸೈನಿಕ ಗುರುತಿನ ಚೀಟಿ ಮಾಡಿಸಿ, ಉದ್ಯೋಗಕ್ಕಾಗಿ ಹೆಸರು ನೋಂದಾಯಿಸಿ. ಸೇನೆಯ ಟ್ರೇಡ್‌ಗಳಿಗೆ (ಕಸುಬುಗಳಿಗೆ) ಸಮನಾದ ನಾಗರಿಕ ವೃತ್ತಿಗಳು ಯಾವುವೆಂದು ತಿಳಿಸುವ ಕೈಪಿಡಿಯೊಂದನ್ನು ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಪ್ರಕಟಿಸಿದೆ. ನೋಂದಣಿಯ ವೇಳೆ ನಿಮ್ಮ ಟ್ರೇಡ್ ಸರಿಯಾದ ವೃತ್ತಿಯ ಎದುರು ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಅಲ್ಲಿ 'ಸಾಮಾನ್ಯ ಕರ್ತವ್ಯ' ಎಂದು ಬಿದ್ದುಬಿಟ್ಟರೆ ನಿಮಗೆ ಬರುವ ಕರೆಗಳೂ ಕಾವಲುಗಾರನ ಕೆಲಸದವೇ ಆಗಿರುತ್ತವೆ.

ಮಿಲಿಟರಿ ಭಾಷೆಯನ್ನು ಆಸ್ಪತ್ರೆಯ ಭಾಷೆಗೆ ತನ್ನಿ

ಎಂಐ ರೂಂ, ಆರ್‌ಎಪಿ, ಎಡಿಎಸ್, ಸಿಕ್ ರಿಪೋರ್ಟ್, ಶೇಪ್ ಒನ್: ನಮಗೆ ಇವು ಉಸಿರಿನಷ್ಟು ಸಹಜ, ಹೊರಗಿನವರಿಗೆ ಬರೀ ಅಕ್ಷರಗಳು. ಬಯೋಡೇಟಾದಲ್ಲಿ ಒಂದೊಂದು ಸಂಕ್ಷೇಪವನ್ನೂ ಬಿಡಿಸಿ, ಅಲ್ಲಿ ಕೈ ಏನು ಮಾಡುತ್ತಿತ್ತು ಎಂಬುದನ್ನು ಬರೆಯಬೇಕು. 'ಆರ್‌ಎಪಿ ಡ್ಯೂಟಿ, ಹೈ ಆಲ್ಟಿಟ್ಯೂಡ್' ಎಂಬ ನನ್ನ ಹಳೆಯ ಸಾಲನ್ನು ನಾನು ಆಮೇಲೆ ಹೀಗೆ ತಿದ್ದಿದೆ: 'ಸುಮಾರು 800 ಸಿಬ್ಬಂದಿಗೆ ಒಬ್ಬರೇ ವೈದ್ಯರಿದ್ದ ಚಿಕಿತ್ಸಾ ಕೇಂದ್ರದಲ್ಲಿ ಬೆಳಗಿನ ಹೊರರೋಗಿಗಳ ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ ದಾಖಲಿಸಿ, ತುರ್ತು ರೋಗಿಗಳನ್ನು ಬೇರ್ಪಡಿಸಿದ್ದೇನೆ. ವೈದ್ಯರ ಸೂಚನೆಯಂತೆ ಅಭಿಧಮನಿಗೆ ಸೂಜಿ ಹಾಕುವುದು, ಗಾಯ ಹೊಲಿಯಲು ನೆರವಾಗುವುದು, ಹಿಮಗಡಿತದ ಗಾಯಗಳ ಆರೈಕೆ ಮಾಡಿದ್ದೇನೆ. ಎತ್ತರದ ಪ್ರದೇಶದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದ ರೋಗಿಗಳಿಗೆ ಆಮ್ಲಜನಕ ಕೊಡುತ್ತ ಕೆಳಗಿನ ಆಸ್ಪತ್ರೆಗೆ ಸಾಗಿಸಿದ್ದೇನೆ. ಔಷಧ ದಾಸ್ತಾನಿನ ಪುಸ್ತಕ ಮತ್ತು ಅವಧಿ ಮುಗಿಯುವ ಔಷಧಗಳ ಪಟ್ಟಿ ನನ್ನ ಹೊಣೆಯಲ್ಲಿತ್ತು.'

ಇದರಲ್ಲಿ ಉತ್ಪ್ರೇಕ್ಷೆಯ ಒಂದು ಮಾತೂ ಇಲ್ಲ. ಅಚ್ಚರಿಯೆಂದರೆ, ನಾನು ಬಹುತೇಕ ಕೈಬಿಡಲಿದ್ದ ಕೊನೆಯ ವಾಕ್ಯವೇ ಆಸ್ಪತ್ರೆಯವರ ಕಣ್ಣಿಗೆ ಮೊದಲು ಬಿದ್ದಿತು. ಯುದ್ಧಭೂಮಿಯ ಕಥೆಗಿಂತ ದಾಸ್ತಾನಿನ ಲೆಕ್ಕ ಇಡಬಲ್ಲವರು ಅವರಿಗೆ ಹೆಚ್ಚು ಬೇಕಾಗಿದ್ದರು. ಬರೆಯುವಾಗ ಘಟಕದ ಸಂಖ್ಯೆ, ನಿಯೋಜನೆಯ ನಿಖರ ಸ್ಥಳ ಬೇಡ. 'ವೈದ್ಯರ ಸೂಚನೆಯಂತೆ' ಎಂಬ ಎರಡು ಪದಗಳನ್ನು ಮಾತ್ರ ಎಲ್ಲಿಯೂ ಬಿಡಬೇಡಿ. ಸ್ವತಂತ್ರವಾಗಿ ಚಿಕಿತ್ಸೆ ಕೊಟ್ಟೆನೆಂಬ ಅರ್ಥ ಬಂದರೆ ಮೆಚ್ಚುಗೆಯ ಬದಲು ಅನುಮಾನ ಹುಟ್ಟುತ್ತದೆ.

ಓದುವುದಾದರೆ ಯಾವುದನ್ನು?

ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ ಸೇರಲು ಭೌತ, ರಸಾಯನ, ಜೀವವಿಜ್ಞಾನ ಮತ್ತು ಇಂಗ್ಲಿಷ್ ಸಹಿತ ಪಿಯುಸಿಯನ್ನು ಒಟ್ಟು ಶೇ 50 ಅಂಕಗಳೊಡನೆ ಪಾಸು ಮಾಡಿರಬೇಕಿತ್ತು. ಅಂದರೆ ಜಿಎನ್‌ಎಂ, ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ), ಪ್ಯಾರಾಮೆಡಿಕಲ್ ಡಿಪ್ಲೊಮಾಗಳ ಪ್ರವೇಶಕ್ಕೆ ಬೇಕಾದ ಮೂಲ ಓದು ಆ ಹಳೆಯ ಅಂಕಪಟ್ಟಿಯಲ್ಲೇ ಇದೆ. ನಾವು ಅದನ್ನು ಟ್ರಂಕಿನ ತಳದಲ್ಲಿಟ್ಟು ಮರೆತಿರುತ್ತೇವೆ, ಅಷ್ಟೆ.

ಜಿಎನ್‌ಎಂ 3 ವರ್ಷದ ಓದು. ಆದರೆ ಭಾರತೀಯ ಶುಶ್ರೂಷಾ ಪರಿಷತ್ತಿನ 2015ರ ಪಠ್ಯಕ್ರಮದಲ್ಲಿ ಪ್ರವೇಶಕ್ಕೆ 35 ವರ್ಷದ ಮೇಲ್ಮಿತಿ ಇದೆ. 19ಕ್ಕೆ ಸೇರಿ 17 ವರ್ಷ ದುಡಿದವರು ಹೊರಬರುವಾಗ 36 ಆಗಿರುತ್ತದೆ! ಹೀಗಾಗಿ ನರ್ಸ್ ಆಗಿಯೇ ನೋಂದಾಯಿಸಿಕೊಳ್ಳುವ ಆಸೆ ಬಹಳ ಮಂದಿಗೆ ಒಂದೇ ವರ್ಷದ ಅಂತರದಲ್ಲಿ ತಪ್ಪಿಹೋಗುತ್ತದೆ. ಡಿ.ಫಾರ್ಮ 2 ವರ್ಷದ ಓದು, ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಮುಗಿಸಿ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಾಯಿಸಿದರೆ ಸ್ವಂತ ಔಷಧದಂಗಡಿಗೂ ದಾರಿಯಾಗುತ್ತದೆ. ಸೇನೆಯ ಫಾರ್ಮಸಿಸ್ಟ್ ಹುದ್ದೆಯಾದ ಸಿಪಾಯಿ ಫಾರ್ಮ ಆಗಿ ಸೇರಿದವರು ಸೇರುವ ಮುನ್ನವೇ ನೋಂದಾಯಿತರಾಗಿರುವುದರಿಂದ ಅವರಿಗಿರುವುದು ನವೀಕರಣದ ಕೆಲಸ ಮಾತ್ರ.

ಶಸ್ತ್ರಚಿಕಿತ್ಸಾ ಕೊಠಡಿ, ಪ್ರಯೋಗಾಲಯ ಅಥವಾ ಎಕ್ಸ್‌ರೇ ವಿಭಾಗದಿಂದ ಬಂದವರಿಗೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಕೆ.ಆರ್. ಆಸ್ಪತ್ರೆಗೆ ಹೊಂದಿಕೊಂಡಿರುವ ಮೈಸೂರು ವೈದ್ಯಕೀಯ ಕಾಲೇಜಿನಂತಹ ಸರ್ಕಾರಿ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಖರ್ಚೂ ಕಡಿಮೆ. ಹದಿನೆಂಟರ ಮಕ್ಕಳ ನಡುವೆ ಕೂರಲು ಮೊದಲ ವಾರ ಮುಜುಗರವಾಗುತ್ತದೆ. ಎರಡನೆಯ ವಾರ ಆ ಮಕ್ಕಳೇ ನರ ಹುಡುಕಿಕೊಡಿ ಎಂದು ನಿಮ್ಮ ಬಳಿ ಬರುತ್ತಾರೆ.

ಮೈಸೂರಿನವರು ಸಹಜವಾಗಿ ಕೇಳುವ ಇನ್ನೊಂದು ಪ್ರಶ್ನೆ, ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಓದಬಹುದೇ ಎಂಬುದು. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಪ್ಯಾರಾಮೆಡಿಕಲ್ ವಿಷಯಗಳನ್ನು ದೂರಶಿಕ್ಷಣದಲ್ಲಿ ಕಲಿಸಲು ಯುಜಿಸಿ ನಿಯಮಗಳಲ್ಲಿ ಅವಕಾಶವಿಲ್ಲ. ಬಿ.ಎ., ಬಿ.ಕಾಂ. ಮಾಡಿಕೊಳ್ಳಲು ಅದು ಒಳ್ಳೆಯ ಜಾಗ. ಆದರೆ 'ಮನೆಯಲ್ಲೇ ಕುಳಿತು ಜಿಎನ್‌ಎಂ', 'ಆರು ತಿಂಗಳಲ್ಲಿ ಡಿಎಂಎಲ್‌ಟಿ' (ಪ್ರಯೋಗಾಲಯ ತಂತ್ರಜ್ಞರ ಡಿಪ್ಲೊಮಾ) ಎಂದು ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಚೀಟಿ ನಂಬಿ ಪೆನ್ಷನ್ನಿನ ಗಂಟು ಬಿಚ್ಚಬೇಡಿ. ಹಣ ಕಟ್ಟುವ ಮುನ್ನ ಸಂಸ್ಥೆಯ ಹೆಸರು ಸಂಬಂಧಪಟ್ಟ ಪರಿಷತ್ತಿನ ಅಥವಾ ಮಂಡಳಿಯ ಪಟ್ಟಿಯಲ್ಲಿ ಇದೆಯೇ ಎಂದು ಖುದ್ದಾಗಿ ನೋಡಿ.

ಕಡಿಮೆ ಅವಧಿಯ ಪ್ರಮಾಣಪತ್ರಗಳು

ಕೌಶಲ ಯೋಜನೆಯಡಿ, ಈಗಾಗಲೇ ಕಲಿತಿರುವುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ವ್ಯವಸ್ಥೆಯಿದೆ; ಜನರಲ್ ಡ್ಯೂಟಿ ಅಸಿಸ್ಟೆಂಟ್, ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್ ಮುಂತಾದ ಕೆಲಸಗಳು ಈ ಚೌಕಟ್ಟಿನಲ್ಲಿವೆ. ಖಾಸಗಿ ಆಸ್ಪತ್ರೆ ಮತ್ತು ಮನೆ ಆರೈಕೆಯವರಿಗೆ ಇದು ಸಾಕಾಗಬಹುದು. ಆದರೆ ಮೇಲೆ ಹೇಳಿದ 2,000 ಗಂಟೆಗಳ ಡಿಪ್ಲೊಮಾಕ್ಕೆ ಇದು ಬದಲಿಯಲ್ಲ. ಹೃದಯ ಸ್ತಂಭನದ ಸಂದರ್ಭದಲ್ಲಿ ಜೀವ ಉಳಿಸುವ ತರಬೇತಿಯ ಬಿಎಲ್‌ಎಸ್, ಎಸಿಎಲ್‌ಎಸ್ ಪ್ರಮಾಣಪತ್ರಗಳು 2 ವರ್ಷ ಮಾತ್ರ ಚಲಾವಣೆಯಲ್ಲಿರುತ್ತವೆ. ಸಂದರ್ಶನಕ್ಕೆ ಹೋಗುವಾಗ ದಿನಾಂಕ ನೋಡಿಕೊಳ್ಳಿ. ಇನ್ನೂ ಸರ್ವಿಸ್‌ನಲ್ಲಿರುವವರಿಗೆ ಪುನರ್ವಸತಿ ಮಹಾನಿರ್ದೇಶನಾಲಯದ ನಿವೃತ್ತಿಪೂರ್ವ ಕೋರ್ಸುಗಳಿವೆ. ಹೆಚ್ಚಿನವರು ಕಾವಲು ಅಥವಾ ಕಂಪ್ಯೂಟರ್ ಕೋರ್ಸನ್ನು ಕಣ್ಣುಮುಚ್ಚಿ ಬರೆದುಕೊಡುತ್ತಾರೆ. ಆಸ್ಪತ್ರೆ ಆಡಳಿತದ ಕೋರ್ಸು ಪಟ್ಟಿಯಲ್ಲಿದ್ದರೆ ಅದನ್ನು ಮೊದಲು ಕೇಳಿ.

ಸೇನೆಯ ಕಾಗದವೇ ಸಾಕಾಗುವ ಕಡೆ

2003ರಲ್ಲಿ ಆರಂಭವಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮೈಸೂರಿನಲ್ಲೂ ಇದೆ. ಇಲ್ಲಿನ ಗುತ್ತಿಗೆ ನೇಮಕಾತಿಯ ಅರ್ಹತಾ ಪಟ್ಟಿಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ 'ಜಿಎನ್‌ಎಂ ಡಿಪ್ಲೊಮಾ ಅಥವಾ ಸಶಸ್ತ್ರ ಪಡೆಗಳ ಕ್ಲಾಸ್ ಒನ್ ಕೋರ್ಸ್' ಎಂದಿದೆ. ಪ್ರಯೋಗಾಲಯ ಸಹಾಯಕ ಮತ್ತು ಫಿಸಿಯೋಥೆರಪಿಸ್ಟ್ ಹುದ್ದೆಗಳಿಗೂ ಕ್ಲಾಸ್ ಒನ್‌ಗೆ ಇದೇ ಮಾನ್ಯತೆ. ಫಾರ್ಮಸಿಸ್ಟ್ ಹುದ್ದೆಗೆ ಮಾತ್ರ ಈ ವಿನಾಯಿತಿ ಇಲ್ಲ. ಕ್ಲಾಸ್ ಟೂನಲ್ಲೇ ನಿಂತವರು ಸರ್ವಿಸ್ ಮುಗಿಯುವ ಮುನ್ನ ಕ್ಲಾಸ್ ಒನ್ ಪರೀಕ್ಷೆ ಬರೆಯಲೇಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಕೇಂದ್ರ ಸರ್ಕಾರದ 1979ರ ನಿಯಮಗಳಂತೆ, ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷಕ್ಕೆ ಕಡಿಮೆಯಿಲ್ಲದ ಸರ್ವಿಸ್ ಮಾಡಿದ ಮಾಜಿ ಸೈನಿಕರನ್ನು, ಪದವಿ ಕೇಳುವ ಮೀಸಲು 'ಸಿ' ಗುಂಪಿನ ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು. ಇದನ್ನು 'ನಾನೀಗ ಗ್ರಾಜುಯೇಟ್' ಎಂದು ತಿಳಿದು ಬಿ.ಎಸ್ಸಿ. ಕೇಳುವ ತಾಂತ್ರಿಕ ಹುದ್ದೆಗೆ ಅರ್ಜಿ ಹಾಕಿ ತಿರಸ್ಕೃತರಾದವರನ್ನು ನಾನು ನೋಡಿದ್ದೇನೆ. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರುವಲ್ಲಿ ಈ ನಿಯಮ ಅನ್ವಯಿಸದು. ಗುಮಾಸ್ತಿಕೆಯಂತಹ ಹುದ್ದೆಗಳಿಗೆ ಅನ್ವಯಿಸುತ್ತದೆ. ವಯಸ್ಸಿನ ಲೆಕ್ಕದಲ್ಲಂತೂ ನಿಜವಾದ ಲಾಭವಿದೆ: 36ರ ವಯಸ್ಸಿನಿಂದ 17 ವರ್ಷದ ಸರ್ವಿಸ್ ಕಳೆದರೆ ಉಳಿಯುವುದು 19, ಅದು ನಿಗದಿತ ಮಿತಿಯನ್ನು 3 ವರ್ಷಕ್ಕಿಂತ ಹೆಚ್ಚು ಮೀರದಿದ್ದರೆ ಸಾಕು.

ಇನ್ನು ಜಗಲಿಯ ಮೇಲೆ ಕಾದು ಕುಳಿತವರ ವಿಚಾರ. ಊರಿನಲ್ಲಿ ನಮ್ಮ ಕೈಗುಣದ ಬಗ್ಗೆ ಎಷ್ಟೇ ನಂಬಿಕೆಯಿದ್ದರೂ, ವೈದ್ಯರ ಚೀಟಿಯಿಲ್ಲದೆ ಔಷಧ ಕೊಡುವುದು, ಮನೆಯ ಮುಂದಿನ ಕೋಣೆಯನ್ನು ಕ್ಲಿನಿಕ್ ಮಾಡುವುದು ಅಪರಾಧ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿಯಿಲ್ಲದ ಕ್ಲಿನಿಕ್‌ಗೆ ಬೀಗ ಬೀಳುತ್ತದೆ. ಅಂದು ನಾನು ನಾಲ್ವರ ರಕ್ತದೊತ್ತಡವನ್ನೂ ನೋಡಿ, ಒಂದು ಚೀಟಿಯಲ್ಲಿ ಅಂಕಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಒಬ್ಬಾಕೆಯ ಅಂಕಿ 190ರ ಮೇಲಿತ್ತು. ಆಕೆಯ ಜೊತೆ ನಾನೇ ಹೋದೆ. ಸೂಜಿ ಹಾಕಲಿಲ್ಲವೆಂದು ಇಬ್ಬರು ಆರು ತಿಂಗಳು ಮಾತು ಬಿಟ್ಟಿದ್ದರು.