604: ಶಿಕಾಗೊ ಅಧಿವೇಶನವನ್ನು ಕನ್ನಡ ರಂಗಕ್ಕೆ ತಂದ ಲೆಕ್ಕ

ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಇಬ್ಬರು ಕಾದಾಡುವ ನಾಟಕದಲ್ಲಿ ಭಾಷಣಗಳು ಎಷ್ಟೇ ಚೆನ್ನಾಗಿರಲಿ, ಗೆಲ್ಲಲು ಎಷ್ಟು ಮತ ಬೇಕು ಅನ್ನುವುದು ಪ್ರೇಕ್ಷಕರ ತಲೆಯಲ್ಲಿ ಕೂರದಿದ್ದರೆ ಕೊನೆಯ ಅಂಕ ಏಳುವುದೇ ಇಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸಲು 1952ರ ಜುಲೈನಲ್ಲಿ ಶಿಕಾಗೊದಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ಅಧಿವೇಶನವನ್ನು ಒಂದೂಮುಕ್ಕಾಲು ಗಂಟೆಯ ಕನ್ನಡ ನಾಟಕವಾಗಿ ಕಟ್ಟುವಾಗ ನಾನು ಮೊದಲು ಬರೆದದ್ದು ಮಾತಲ್ಲ, ಒಂದು ಅಂಕಿ. ಒಟ್ಟು ಮತ 1206, ಬಹುಮತಕ್ಕೆ 604. ಈ 604 ಅನ್ನು ಮೊದಲ ದೃಶ್ಯದಲ್ಲೇ ಕರಿಹಲಗೆಯ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ಬರೆಸಿದೆ. ನಾಟಕ ಮುಗಿಯುವವರೆಗೆ ಅದನ್ನು ಯಾರೂ ಒರೆಸುವಂತಿಲ್ಲ.

ಎದುರಾಳಿಗಳು ಇಬ್ಬರು. ಒಹಾಯೊದ ಸೆನೆಟರ್ ರಾಬರ್ಟ್ ಟಾಫ್ಟ್, ಮಾಜಿ ಅಧ್ಯಕ್ಷರ ಮಗ, ಪಕ್ಷದ ಹಳಬರೆಲ್ಲ ಅವರ ಕಡೆ. ಇನ್ನೊಬ್ಬರು ಯುದ್ಧ ಗೆದ್ದ ಜನರಲ್ ಐಸೆನ್‌ಹೋವರ್. ಅವರ ಬೆನ್ನಿಗೆ ನ್ಯೂಯಾರ್ಕಿನ ಗವರ್ನರ್ ಥಾಮಸ್ ಡ್ಯೂಯಿ. 1944ರಲ್ಲಿ, 1948ರಲ್ಲಿ ಎರಡು ಸಲ ಅಧ್ಯಕ್ಷ ಪದವಿಗೆ ನಿಂತು ಸೋತವರು. ಟಾಫ್ಟರನ್ನು ಖಳನಾಯಕ ಮಾಡಿದರೆ ನಾಟಕ ಅಲ್ಲೇ ಸತ್ತಂತೆ. ಅವರು ಬಿಗುಮಾನದ, ಓದಿಕೊಂಡ ಮನುಷ್ಯ. ತಮ್ಮದೇ ಪಕ್ಷ ತಮ್ಮನ್ನು ಯಾಕೆ ಬೇಡವೆನ್ನುತ್ತಿದೆ ಎಂದು ಕೊನೆಯವರೆಗೂ ಅರ್ಥವಾಗದವರು. ಹಾಗೆ ಬರೆದರೆ ಮಾತ್ರ ಎರಡೂ ಕಡೆ ತೂಕ ಬರುತ್ತದೆ.

ಪದಗಳ ವಿಷಯಕ್ಕೆ ಬರುತ್ತೇನೆ. ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಟಿಕೆಟ್’ ಎಂದೇ ಬರೆದಿದ್ದೆ. ಓದಿದವರೆಲ್ಲ ಕೇಳಿದ್ದು ಒಂದೇ: ‘ಹಾಗಾದರೆ ಹೈಕಮಾಂಡ್ ಯಾರು?’ ನಮ್ಮಲ್ಲಿ ಟಿಕೆಟ್ ಮೇಲಿನಿಂದ ಬರುವ ವಸ್ತು. ಅಲ್ಲಿ ಕೆಳಗಿನಿಂದ, ಪ್ರತಿನಿಧಿಗಳ ಕೈಯಿಂದ ಬರಬೇಕು. ಸಾಲದ್ದಕ್ಕೆ ಅಮೆರಿಕದವರು ಟಿಕೆಟ್ ಅನ್ನುವುದು ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಜೋಡಿಗೆ. ಹಾಗಾಗಿ ಆ ಪದವನ್ನೇ ಕಿತ್ತುಹಾಕಿ ‘ಉಮೇದುವಾರಿಕೆ’ ಅಂದೆ. ‘ಬಣ’ ಮಾತ್ರ ಒಂಚೂರೂ ಬಗ್ಗಿಸದೆ ಕೂತಿತು: ಟಾಫ್ಟ್ ಬಣ, ಐಸೆನ್‌ಹೋವರ್ ಬಣ. ತನ್ನ ರಾಜ್ಯದ ಮತಗಳನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು ಬಂದು, ಚೌಕಾಸಿಗೆ ಕಾದು ಕೂರುವ ನಾಯಕನಿಗೆ ‘ಮನೆಮಗ’ ಎಂದದ್ದು ಹೇಳಿ ಮಾಡಿಸಿದಂತಾಯಿತು. ಕ್ಯಾಲಿಫೋರ್ನಿಯಾದ ಗವರ್ನರ್ ಅರ್ಲ್ ವಾರನ್ ಅಂಥ ಮನೆಮಗ, ಕೈಯಲ್ಲಿ 70 ಮತ. ಮಿನ್ನೆಸೋಟಾದ ಹೆರಾಲ್ಡ್ ಸ್ಟಾಸೆನ್ ಇನ್ನೊಬ್ಬ.

ನಾಟಕದ ಬೆನ್ನುಮೂಳೆ ಕೊನೆಯ ಮತದಾನವಲ್ಲ, ಅದಕ್ಕೆ ನಾಲ್ಕು ದಿನ ಮೊದಲಿನ ಒಂದು ನಿಯಮದ ಜಗಳ. ಟೆಕ್ಸಾಸ್, ಜಾರ್ಜಿಯಾ, ಲೂಯಿಸಿಯಾನಾಗಳಿಂದ ಎರಡೆರಡು ತಂಡ ಬಂದು ‘ನಾವೇ ಅಸಲಿ ಪ್ರತಿನಿಧಿಗಳು’ ಅಂದವು. ಹೀಗೆ ತಕರಾರಿದ್ದ 68 ಜನ, ತಕರಾರು ಇತ್ಯರ್ಥವಾಗುವ ಮೊದಲೇ ಬೇರೆಯವರ ತಕರಾರಿನ ಮೇಲೆ ಮತ ಹಾಕಬಹುದೆ? ಹಾಕಬಾರದು ಎಂದಿತು ಐಸೆನ್‌ಹೋವರ್ ಬಣ, ಅದಕ್ಕೆ ‘ನ್ಯಾಯದ ಆಟ’ ಎಂಬ ಹೆಸರನ್ನೂ ಕೊಟ್ಟಿತು. ಹೆಸರಿಟ್ಟಾಗಲೇ ಅರ್ಧ ಗೆದ್ದರು. ನ್ಯಾಯದ ಆಟ ಬೇಡ ಎಂದು ಎದ್ದುನಿಂತು ಹೇಳುವವರು ಯಾರು? ಜುಲೈ 7ರಂದು ಈ ನಿಯಮಕ್ಕೆ ಟಾಫ್ಟ್ ಬಣ ತಂದ ತಿದ್ದುಪಡಿ 658–548ರಲ್ಲಿ ಬಿದ್ದುಹೋಯಿತು. ಕ್ಯಾಲಿಫೋರ್ನಿಯಾ, ಮಿನ್ನೆಸೋಟಾದ ಮನೆಮಕ್ಕಳು ಆವತ್ತು ಎತ್ತ ವಾಲಿದರೋ ಆಟ ಅತ್ತ ವಾಲಿತು.

ಇದನ್ನು ಸಂಭಾಷಣೆಯಲ್ಲಿ ವಿವರಿಸಲು ಹೋದರೆ ಆರು ನಿಮಿಷ ಬೇಕು, ಪ್ರೇಕ್ಷಕರು ಮೂರನೆಯ ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ಹಲಗೆಯ ಮೇಲೆ ಮೂರು ಸಾಲಿನಲ್ಲಿ ಮುಗಿಯಿತು: 1206, ಅದರ ಕೆಳಗೆ 68 ಕಳೆ, ಉಳಿದದ್ದು 1138. ಜುಲೈ 9ರಂದು ಜಾರ್ಜಿಯಾದ ತಕರಾರಿನ ಮೇಲೆ ಬಿದ್ದ ಮತ 607–531, ಗೆದ್ದದ್ದು ಐಸೆನ್‌ಹೋವರ್ ಬಣ. ಕೂಡಿದರೆ ಸರಿಯಾಗಿ 1138. ಪಾತ್ರಧಾರಿ ಒಂದು ಮಾತೂ ಆಡದೆ ಕೂಡಿಸಿ ಗೆರೆ ಎಳೆಯುತ್ತಾನೆ. ಶಾಲೆಯ ಲೆಕ್ಕದ ಮೇಷ್ಟರ ಹಾಗೆ ನಿಧಾನ ಎಳೆಯಬೇಕು, ಅವಸರ ಮಾಡಿದರೆ ಹಿಂದಿನ ಸಾಲಿಗೆ ತಲುಪುವುದಿಲ್ಲ.

ಅದೇ 9ರ ರಾತ್ರಿ ಇಲಿನಾಯ್ಸ್‌ನ ಸೆನೆಟರ್ ಡರ್ಕ್ಸನ್ ವೇದಿಕೆಯಿಂದ ಡ್ಯೂಯಿಯತ್ತ ಬೆರಳು ತೋರಿಸಿ, ನಿಮ್ಮ ಹಿಂದೆ ಬಂದು ಸೋತಿದ್ದೇವೆ ಎಂಬರ್ಥದಲ್ಲಿ ಝಾಡಿಸಿದರು. ಡ್ಯೂಯಿಯನ್ನು ರಂಗದ ಮೇಲೆ ಕೂರಿಸಬೇಡಿ. ನಮ್ಮ ಡ್ಯೂಯಿ ಪ್ರೇಕ್ಷಕರ ನಡುವೆ, ಮೂರನೆಯ ಸಾಲಿನ ಓಣಿ ಕಡೆಯ ಕುರ್ಚಿಯಲ್ಲಿ, ನಾಟಕ ಶುರುವಾದಾಗಿನಿಂದ ಕೂತಿರುತ್ತಾನೆ. ಬೆರಳು ಚಾಚಿದಾಗ ಇನ್ನೂರು ತಲೆ ಒಟ್ಟಿಗೆ ತಿರುಗುತ್ತವೆ, ಬೇರೆ ಬೆಳಕೇ ಬೇಡ. ಈ ಭಾಷಣವನ್ನು ಏಕವಚನಕ್ಕಿಳಿಸಿ ನೋಡಿದೆವು. ‘ನಿನ್ನ ಹಿಂದೆ ಬಂದ್ವಲ್ಲಯ್ಯ’ ಅಂದ ಕೂಡಲೇ ಅದು ಸಂತೆಯ ಜಗಳವಾಯಿತು. ‘ನೀವು’ ಅಂತಲೇ ಉಳಿಸಿ, ದನಿ ತಗ್ಗಿಸಿದಾಗ ಏಟು ಚೆನ್ನಾಗಿ ಬಿತ್ತು. ಸಭೆಯ ಗದ್ದಲಕ್ಕೆ ಹದಿನಾಲ್ಕು ಜನರ ದನಿಯನ್ನು ಮೂರು ಸಲ ಧ್ವನಿಮುದ್ರಿಸಿ ಒಂದರ ಮೇಲೊಂದು ಕೂರಿಸಿದ್ದು. ‘ಧಿಕ್ಕಾರ’ ಕೂಗಿಸಬೇಡಿ, ಅದು ಟೌನ್ ಹಾಲ್ ಮುಂದಿನ ಧರಣಿಯಂತೆ ಕೇಳುತ್ತದೆ. ಬಾಯಿ ಮುಚ್ಚಿದ ‘ಊಂ’ಕಾರದಿಂದ ಎಬ್ಬಿಸಿ, ಬಾಯಿ ತೆರೆಸಿದರೆ ಸಾಕು.

ರಾಜ್ಯವಾರು ಮತ ಕರೆಯುವ ದೃಶ್ಯ ನಮ್ಮನ್ನು ಹೆಚ್ಚು ಸತಾಯಿಸಿತು. ಆಗ 48 ರಾಜ್ಯ, ಜೊತೆಗೆ ಇನ್ನೂ ರಾಜ್ಯವಾಗಿರದ ಅಲಾಸ್ಕಾ, ಹವಾಯಿಯಂಥ ಪ್ರಾಂತ್ಯಗಳು. ಎಲ್ಲವನ್ನೂ ಕರೆದರೆ ಹದಿನೈದು ನಿಮಿಷ. ಆರನ್ನು ಮಾತ್ರ ಗಟ್ಟಿಯಾಗಿ ಇಟ್ಟುಕೊಂಡೆ. ಕ್ಯಾಲಿಫೋರ್ನಿಯಾದ 70ಕ್ಕೆ 70 ವಾರನ್‌ಗೆ. ಮಿನ್ನೆಸೋಟಾದಿಂದ ಸ್ಟಾಸೆನ್‌ಗೆ 19, ಐಸೆನ್‌ಹೋವರ್‌ಗೆ 9. ನ್ಯೂಯಾರ್ಕ್‌ನಲ್ಲಿ ಐಸೆನ್‌ಹೋವರ್‌ಗೆ 92, ಟಾಫ್ಟ್‌ಗೆ 4. ಒಹಾಯೊದ 56 ಪೂರ್ತಿ ಟಾಫ್ಟ್‌ಗೆ. ಪೆನ್ಸಿಲ್ವೇನಿಯಾದಲ್ಲಿ ಐಸೆನ್‌ಹೋವರ್‌ಗೆ 53, ಟಾಫ್ಟ್‌ಗೆ 15, ಇನ್ನೊಬ್ಬ ಜನರಲ್ ಮೆಕಾರ್ಥರ್‌ಗೆ 2. ಟೆಕ್ಸಾಸ್‌ನಲ್ಲಿ ಐಸೆನ್‌ಹೋವರ್‌ಗೆ 33, ಟಾಫ್ಟ್‌ಗೆ 5. ಇವುಗಳ ನಡುವಿನ ರಾಜ್ಯಗಳೆಲ್ಲ ನಾಲ್ಕು ಸೆಕೆಂಡಿನ ಗುಜುಗುಜು, ಅಷ್ಟರಲ್ಲಿ ಹಲಗೆಯ ಮೊತ್ತ ಜಿಗಿಯುತ್ತದೆ. ಆರು ರಾಜ್ಯಗಳಿಂದ ಐಸೆನ್‌ಹೋವರ್‌ಗೆ 187, ಟಾಫ್ಟ್‌ಗೆ 80. ಗುಜುಗುಜಿನಲ್ಲಿ 408 ಮತ್ತು 420. ನಡುವಿನ ಜಿಗಿತಗಳು ನನ್ನ ಹಂಚಿಕೆ, ಕೊನೆಯ ಮೊತ್ತ ದಾಖಲೆಯದು. ಹಂಚುವಾಗ ಒಂದು ನಿಯಮ: ಟೆಕ್ಸಾಸ್ ಬರುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯಾದರೂ ದಾಟಿರಬೇಕು.

ಇನ್ನೊಂದು ಎಡವಟ್ಟು ಕನ್ನಡದ್ದೇ. ಹಿಂದಿನ ಸಾಲಿಗೆ ‘ಎಪ್ಪತ್ತು’, ‘ಇಪ್ಪತ್ತು’ ಎರಡೂ ಒಂದೇ. ವಾರನ್‌ರ ಎಪ್ಪತ್ತು ಇಪ್ಪತ್ತಾಗಿ ಕೇಳಿಸಿದರೆ ಲೆಕ್ಕವೆಲ್ಲ ಹಾಳು. ಅದಕ್ಕೇ ಹಲಗೆಯವನು ಮೊದಲು ಬರೆಯಬೇಕು, ಕರೆಯುವವನು ಆಮೇಲೆ ಹೇಳಬೇಕು. ತಾಲೀಮಿನಲ್ಲಿ ಇದು ಹಿಂದುಮುಂದಾಗಿ ಅನ್ನಿಸುತ್ತದೆ, ಪ್ರದರ್ಶನದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಪ್ರತಿನಿಧಿಗಳು ಹಿಡಿಯುವ ರಾಜ್ಯದ ಫಲಕಗಳಿಗೆ ಒಂದಿಂಚಿನ ಪಿವಿಸಿ ಪೈಪ್, ಐದಡಿ ಉದ್ದ. ಮೇಲೆ ಎರಡಡಿಯ ಫೋಮ್ ಬೋರ್ಡ್. ಅಲ್ಲಿಯ ಹಾಗೆ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿದೆವು, ಅಲ್ಲೇ ಕೆಟ್ಟಿತು. ‘ಮಿನ್ನೆಸೋಟಾ’ದಲ್ಲಿ ‘ನ್ನೆ’ಯ ಒತ್ತು ಕೆಳಗಿನ ‘ಸೋ’ದ ತಲೆಗೆ ಹೋಗಿ ಅಂಟಿಕೊಂಡು ದೂರದಿಂದ ಏನೋ ಸಿಕ್ಕುಗಟ್ಟಿದ ಬಳ್ಳಿಯಂತೆ ಕಂಡಿತು. ಅಕ್ಷರದ ಎತ್ತರ ನಾಲ್ಕಿಂಚಿದ್ದರೆ ಸಾಲಿನ ನಡುವೆ ಎರಡಿಂಚಾದರೂ ಬಿಡಬೇಕು. ಮಿನ್ನೆಸೋಟಾ ಫಲಕವೇ ನಾಟಕ ಮುಗಿಸುವ ಫಲಕ, ಓದಲು ಬರದಿದ್ದರೆ ಆಗುವುದಿಲ್ಲ.

ಯಾಕೆಂದರೆ ಜುಲೈ 11ರ ಮೊದಲ ಸುತ್ತು ಮುಗಿದಾಗ ಹಲಗೆಯಲ್ಲಿ ಇದ್ದದ್ದು ಇದು: ಐಸೆನ್‌ಹೋವರ್ 595, ಟಾಫ್ಟ್ 500, ವಾರನ್ 81, ಸ್ಟಾಸೆನ್ 20, ಮೆಕಾರ್ಥರ್ 10. ಒಂಬತ್ತು ಮತ ಕಮ್ಮಿ. ಇಲ್ಲಿ ಪೂರ್ತಿ ಆರು ಸೆಕೆಂಡ್ ಮೌನ ಇಟ್ಟಿದ್ದೇವೆ. ಸಂಗೀತ ಬೇಡ. ಪ್ರೇಕ್ಷಕರೇ 595ರಿಂದ 604ಕ್ಕೆ ಕಣ್ಣು ಹಾಯಿಸುತ್ತಾರೆ, ಕಳೆಯುತ್ತಾರೆ. ಯಾರಾದರೂ ಪಕ್ಕದವರಿಗೆ ‘ಒಂಬತ್ತು’ ಎಂದು ಪಿಸುಗುಟ್ಟಿದರೆ ದೃಶ್ಯ ಗೆದ್ದಂತೆ. ಆಮೇಲೆ ಫಲಕ ಅಲ್ಲಾಡುತ್ತದೆ: ಮಿನ್ನೆಸೋಟಾ ತನ್ನ 19ನ್ನು ಐಸೆನ್‌ಹೋವರ್‌ಗೆ ಬದಲಿಸುತ್ತದೆ. 614. ಬಳಿಕ ಇನ್ನೂ ಹಲವು ರಾಜ್ಯಗಳು ಒಂದೊಂದಾಗಿ ಜಾರಿ ಲೆಕ್ಕ 845ಕ್ಕೆ ಏರಿದ್ದು ನಿಜ, ಆದರೆ ಅದನ್ನು ತೋರಿಸಲು ಹೋದರೆ ಕಾವು ಇಳಿಯುತ್ತದೆ.

ಸಣ್ಣಪುಟ್ಟ ಸಾಮಾನು: ದೇಶದ ಈ ತುದಿಯಿಂದ ಆ ತುದಿಗೆ ಟೀವಿಯಲ್ಲಿ ಬಂದ ಮೊದಲ ಅಧಿವೇಶನಗಳು ಆ ವರ್ಷದವು, ಹಾಗಾಗಿ ಎರಡೂ ಬಣಗಳ ಹೋಟೆಲ್ ಕೋಣೆಯಲ್ಲಿ ಟೀವಿ ಇರಲೇಬೇಕು. ಪ್ರೇಕ್ಷಕರಿಗೆ ಬೆನ್ನು ಮಾಡಿದ ಖಾಲಿ ಡಬ್ಬ, ಒಳಗೆ ತಣ್ಣನೆ ಬಿಳಿಯ ಎಲ್‌ಇಡಿ, ಮುಂದೆ ಟ್ರೇಸಿಂಗ್ ಪೇಪರ್. ಮಿನುಗನ್ನು ಕೈಯಿಂದಲೇ ಏರಿಳಿಸಿ, ಯಂತ್ರದ ಮಿನುಗು ದೀಪಾವಳಿ ಸರದಂತೆ ಕಾಣುತ್ತದೆ. ಟೆಲಿಫೋನಿನ ಗಂಟೆಗೆ ಮೇಜಿನ ಕೆಳಗೆ ಬ್ಲೂಟೂತ್ ಸ್ಪೀಕರ್ ಇಟ್ಟರೆ, ಹತ್ತು ನಿಮಿಷ ಸದ್ದಿಲ್ಲದಿದ್ದಾಗ ಅದು ತಾನೇ ಮಲಗಿಬಿಡುತ್ತದೆ. ವೈರಿನದೇ ಬೇಕು. ಸಿಗಾರ್ ಇರಲಿ, ಹಚ್ಚುವುದು ಬೇಡ.

ಸೆಟ್ ಅಂದರೆ ಎರಡು ಕಟ್ಟೆ, ತಲಾ ಎಂಟಡಿ ಆರಡಿ, ಒಂಬತ್ತಿಂಚು ಎತ್ತರ. ಎಡಗಡೆ ಬ್ಲಾಕ್‌ಸ್ಟೋನ್ ಹೋಟೆಲಿನ ಐಸೆನ್‌ಹೋವರ್ ಕೋಣೆ, ಬಲಗಡೆ ಕಾನ್ರಾಡ್ ಹಿಲ್ಟನ್ನಿನಲ್ಲಿ ಟಾಫ್ಟ್ ಬಣದ ಠಾಣ್ಯ. ನಡುವಿನ ಹತ್ತಡಿ ಖಾಲಿ ಜಾಗ ರಸ್ತೆ; ಎರಡು ಹೋಟೆಲುಗಳೂ ನಿಜಕ್ಕೂ ಒಂದು ರಸ್ತೆಯ ಆಚೀಚೆ. ನಾಟಕದುದ್ದಕ್ಕೂ ಆ ಹತ್ತಡಿಯಲ್ಲಿ ಯಾರೂ ಕಾಲಿಡುವಂತಿಲ್ಲ, ಸಾಮಾನು ಸಾಗಿಸುವವರೂ ಹಿಂದಿನಿಂದಲೇ ಬರಬೇಕು. ಗೆದ್ದ ಮೇಲೆ ಐಸೆನ್‌ಹೋವರ್ ಆ ರಸ್ತೆ ದಾಟಿ ಸೋತವರನ್ನು ನೋಡಲು ಹೋದರು. ನಮ್ಮ ಪಾತ್ರಧಾರಿಗೆ ಅದು ಒಂಬತ್ತು ಹೆಜ್ಜೆ, ಹ್ಯಾಟು ಕೈಯಲ್ಲಿ, ಆ ಪ್ರಸಿದ್ಧ ನಗೆಯಿಲ್ಲದೆ. ಮೊದಲ ತಾಲೀಮುಗಳಲ್ಲಿ ಆತ ದಂಡಿನವನಂತೆ ಎದೆ ಸೆಟೆಸಿ ದಾಟುತ್ತಿದ್ದ. ಅಭ್ಯಾಸಕ್ಕೆ ಎರಡೂ ಕೈಗೆ ತುಂಬಿದ ನೀರಿನ ಲೋಟ ಕೊಟ್ಟ ಮೇಲೆ ನಡಿಗೆ ಸರಿಹೋಯಿತು. ಟಾಫ್ಟ್ ಎದ್ದು ನಿಲ್ಲುತ್ತಾರೆ, ಕೈ ಕೊಡುತ್ತಾರೆ, ಕೂರುವಂತೆ ಕುರ್ಚಿ ತೋರಿಸುತ್ತಾರೆ. ಬೆಳಕು ಇಬ್ಬರ ಮೇಲೂ ಆರಿ ಹಲಗೆಯ ಮೇಲೆ ಮೂರು ಸೆಕೆಂಡ್ ಉಳಿಯುತ್ತದೆ, 614ರ ಪಕ್ಕದಲ್ಲಿ ಕೆಂಪು 604.

ಎರಡನೆಯ ಆಟ ಅದೇ ದಿನ ಇದ್ದರೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಇಪ್ಪತ್ತು ನಿಮಿಷ ಬಿಡಿ. ಒಣ ಡಸ್ಟರಿನಲ್ಲಿ ಒರೆಸಿದರೆ ಕೆಂಪು ಬಣ್ಣ ಮಬ್ಬಾಗಿ ಉಳಿದು, ಮೊದಲ ದೃಶ್ಯದಲ್ಲಿ ಬರೆಯುವ ಮೊದಲೇ 604 ಕಾಣಿಸಿಕೊಂಡುಬಿಡುತ್ತದೆ.