ಎರೆ ನೆಲದ ಮೇಲೆ ಹೊಸ ಏರಿ: ನನ್ನ ಅನುಭವ

ದಾವಣಗೆರೆ ಸೀಮೆಯಲ್ಲಿ ಹಳೇ ರೈಲು ಹಳಿಯ ಪಕ್ಕದಲ್ಲೇ ಎರಡನೇ ಹಳಿಗೆ ಏರಿ, ಅಂದ್ರೆ ಹಳಿ ಕೂರುವ ಮಣ್ಣಿನ ದಿಬ್ಬ, ಕಟ್ಟುವ ಕೆಲಸ ನನ್ನದಾಗಿತ್ತು. ಅಲ್ಲಿ ನೆಲ ಅಂದ್ರೆ ಎರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಭದ್ರಾ ನಾಲೆಗೆ ನೀರು ಬಿಟ್ಟರೆ ಪಕ್ಕದ ಗದ್ದೆಯ ನೀರು ಜಿನುಗಿ ಅದೇ ನೆಲ ಬೆಣ್ಣೆ.

ಹಳೇ ಏರಿ ಎಷ್ಟೋ ವರ್ಷದ ಭಾರಕ್ಕೆ ಇಳಿಯುವಷ್ಟು ಇಳಿದು ಗಟ್ಟಿಯಾಗಿರುತ್ತದೆ. ಹೊಸದು ಆಗಷ್ಟೇ ಇಳಿಯಲು ಶುರು ಮಾಡುತ್ತದೆ. ಹಾಗಾಗಿ ಸೀಳು ಬರುವುದು ಎರಡೂ ಕೂಡುವ ಜಾಗದಲ್ಲೇ. ಹಿಂದೆ ಒಂದು ರಸ್ತೆ ಅಗಲ ಮಾಡುವಾಗ ಹಳೇ ಇಳಿಜಾರಿನ ಹುಲ್ಲನ್ನೂ ಕೆರೆಯದೆ ಮಣ್ಣು ಸುರಿದಿದ್ದೆವು. ಒಂದೇ ಮಳೆಗಾಲಕ್ಕೆ ಡಾಂಬರಿನ ಮೇಲೆ ಉದ್ದಕ್ಕೂ ಸೀಳು ಬಂತು. ಐದು ರೂಪಾಯಿ ನಾಣ್ಯ ನಿಲ್ಲಿಸಿದರೆ ಒಳಗೆ ಬೀಳುತ್ತಿತ್ತು. ಅದು ಇವತ್ತಿಗೂ ಕಣ್ಣ ಮುಂದಿದೆ.

ಅದಕ್ಕೇ ಈ ಸಲ ಹುಲ್ಲು, ಬೇರು ಎಲ್ಲ ತೆಗೆಸಿ ಇಳಿಜಾರಿಗೆ 30 ಸೆಂ.ಮೀ. ಎತ್ತರದ ಮೆಟ್ಟಿಲು ಕಡಿಸಿದೆ. ಹೊಸ ಮಣ್ಣು ಆ ಮೆಟ್ಟಿಲುಗಳನ್ನು ಕಚ್ಚಿಕೊಂಡು ಕೂರುತ್ತದೆ. ಆದರೆ ರೈಲು ಓಡುತ್ತಿರುವಾಗ ಏರಿಯ ಬುಡ ಅಗೆಯೋದು ಅಪಾಯ. ಒಮ್ಮೆಗೆ 10 ಮೀಟರ್ ಮಾತ್ರ ಅಗೆದು, ಅದೇ ದಿನ ತುಂಬಿ, ಆಮೇಲೆ ಮುಂದಿನ ತುಂಡಿಗೆ ಹೋದೆವು. ಹಳಿ ಹತ್ತಿರ ರೋಲರಿನ ವೈಬ್ರೇಷನ್ ಬಂದ್ ಮಾಡಿಸಿದ್ದೆ.

ಬುಡದ ಮಣ್ಣಿಗೆ ಸುಣ್ಣ ಬೆರೆಸಿದೆವು. ಎಷ್ಟು ಬೇಕು ಅಂತ ಅಂದಾಜಿನಲ್ಲಿ ಹಾಕಬಾರದು. ಶೇ 2ರಿಂದ 6ರವರೆಗೆ ಸುಣ್ಣ ಹಾಕಿದ ಮಣ್ಣನ್ನು ಬೇರೆ ಬೇರೆ ಬಾಟಲಿಯಲ್ಲಿ ನೀರಿಗೆ ಕಲಸಿ, ಒಂದು ಗಂಟೆ ಬಿಟ್ಟು ಪಿಎಚ್ (ಕ್ಷಾರ ಎಷ್ಟಿದೆ ಅನ್ನುವ ಅಳತೆ) ನೋಡಿದೆವು. ಅದು 12.4 ಮುಟ್ಟಿದರೆ ಸುಣ್ಣ ಸಾಕು ಅಂತ ಲೆಕ್ಕ; ಮೊದಲು ಮುಟ್ಟಿದ್ದು ಶೇ 4ರಲ್ಲಿ. ಟ್ರಾಕ್ಟರ್ ರೋಟವೇಟರಿನಲ್ಲಿ ಬೆರೆಸಿ, ನೀರು ಚಿಮುಕಿಸಿ ಒಂದು ರಾತ್ರಿ ಬಿಟ್ಟೆವು. ಹಿಂದಿನ ದಿನ ಗುದ್ದಲಿಗೆ ಅಂಟಿ ಬಿಡದಿದ್ದ ಮಣ್ಣು ಬೆಳಿಗ್ಗೆ ಹಿಡಿಯಲ್ಲಿ ಹಿಸುಕಿದರೆ ರವೆಯ ಹಾಗೆ ಉದುರಿತು! ಮತ್ತೆ ಬೆರೆಸಿ ರೋಲರ್ ಹೊಡೆಸಿದೆವು. ಗಾಳಿ ಜೋರಿದ್ದ ದಿನ ಸುಣ್ಣ ಮುಟ್ಟಲಿಲ್ಲ. ಕಣ್ಣು ಸುಡುತ್ತದೆ, ಕನ್ನಡಕ ಇಲ್ಲದೆ ಯಾರನ್ನೂ ಬಿಡುತ್ತಿರಲಿಲ್ಲ.

ಒಂದು ಕಡೆ ಮಾತ್ರ ಸುಣ್ಣ ಸಾಲಲಿಲ್ಲ. ಪಕ್ಕದ ಗದ್ದೆಯ ಅಜ್ಜ ಮೊದಲೇ ಹೇಳಿದ್ದರು: "ಇಲ್ಲಿ ಹಿಂದೆ ಹಳ್ಳ ಇತ್ತು ಸರ, ಎತ್ತಿನ ಗಾಡಿ ಹೂತು ಹೋಗ್ತಿತ್ತು." ಗುಂಡಿ ತೋಡಿ ನೋಡಿದರೆ ಒಂದೂವರೆ ಮೀಟರ್ ಆಳಕ್ಕೆ ಕಪ್ಪು ಕೆಸರು. ಅದನ್ನೆಲ್ಲ ತೆಗೆದು ಕಲ್ಲು ತುಂಬಿಸಿ, ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ ಗರಸು ಹಾಕಿದೆವು. ನಕ್ಷೆಯಲ್ಲಿ ಈ ಹಳ್ಳ ಇರಲೇ ಇಲ್ಲ. ಊರಿನವರನ್ನು ಕೇಳದೆ ಕೆಲಸ ಶುರು ಮಾಡಬೇಡಿ.

ಹೊಸ ಏರಿ ಎಷ್ಟು ಇಳಿಯುತ್ತದೆ ಅಂತ ನೋಡಲು ಅದರ ಬುಡದಲ್ಲಿ ಕಬ್ಬಿಣದ ತಗಡು ಹೂತು, ಅದಕ್ಕೆ ಬೆಸೆದ ಸರಳಿನ ತುದಿಯ ಮಟ್ಟವನ್ನು ದಿನಾ ಬರೆದಿಟ್ಟೆವು. ಬೇಗ ಮುಗಿಸಿ ಅಂತ ಒತ್ತಡ ಜಾಸ್ತಿ ಇತ್ತು, ಆದ್ರೂ ಒಂದು ಮಳೆಗಾಲ ಕಾದೆವು. ಸತತ ಮೂರು ವಾರ ಆ ಮಟ್ಟ ಕದಲದೆ ನಿಂತ ಮೇಲೆಯೇ ಮೇಲಿನ ಪದರಕ್ಕೆ ನಾನು ಸಹಿ ಹಾಕಿದ್ದು.