ಕೊಡಗಿನ ಗೋಡೆಗೆ ಫೋಟೊ ಹಾಕೋ ಮೊದಲು

ಕೊಡವರ ನಿಲುವಂಗಿಯಾದ ಬಿಳಿ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಅನ್ನೋ ಕಿರುಗತ್ತಿ ಸಿಕ್ಕಿಸಿಕೊಂಡ ಅಜ್ಜನ ಮದುವೆ ಫೋಟೊ. ಮಡಿಕೇರಿಯ ಮನೆಗೆ ಬಂದ ಹೊಸತರಲ್ಲಿ ಅದನ್ನು ಪಶ್ಚಿಮದ ಗೋಡೆಗೆ ತೂಗುಹಾಕಿದ್ದೆ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಅಜ್ಜನ ಅರ್ಧ ಮೀಸೆ ಗಾಜಿನಲ್ಲೇ ಉಳಿಯಿತು.

ಹಾಗಾಗಿ ಮೊದಲು ಗೋಡೆ ನೋಡಿ, ಆಮೇಲೆ ಫೋಟೊ. ಮಳೆ ಬಡಿಯುವ ಹೊರಗೋಡೆ ಬೇಡ, ಎರಡು ಕೋಣೆಗಳ ನಡುವಿನ ಗೋಡೆ ಒಳ್ಳೆಯದು. ಅನುಮಾನ ಇದ್ದರೆ ಜುಲೈನಲ್ಲಿ ಅಂಗೈ ಇಟ್ಟು ನೋಡಿ, ತಣ್ಣಗೆ ಒದ್ದೆ ಅನ್ನಿಸಿದರೆ ಆ ಗೋಡೆ ಬಿಟ್ಟುಬಿಡಿ. ಫ್ರೇಮ್ ಅಂಗಡಿಯಲ್ಲಿ ಫೋಟೊಗೂ ಗಾಜಿಗೂ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಹಾಕಿಸಿ. ಹಳೆ ಬಾಟಲಿಯ ಬಿರಡೆಯನ್ನು ಬಿಲ್ಲೆಯಾಗಿ ಕೊಯ್ದು ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಅಂಟಿಸಿದರೆ ಗಾಳಿಯಾಡುತ್ತದೆ, ಬೂಷ್ಟು ಕಡಿಮೆ. ಹಳೆ ಫೋಟೊ ಆದರೆ ಸ್ಕ್ಯಾನ್ ಮಾಡಿಸಿ ಪ್ರತಿಯನ್ನೇ ಹಾಕಿ.

ಹಲವು ಫೋಟೊ ಎಲ್ಲೆಲ್ಲಿ ಬರಬೇಕು ಅಂತ ಜೋಡಿಸಿ ನೋಡುವುದಕ್ಕೆ ನ್ಯೂಸ್‌ಪೇಪರ್ ಸಾಕು. ಫ್ರೇಮಿನ ಅಳತೆಗೇ ಕತ್ತರಿಸಿ, ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಹಾಗೇ ಬಿಡಿ. ನಮ್ಮತ್ತೆ "ಇದೇನವ್ವಾ, ಗೋಡೆಗೆ ಪೇಪರ್ ಓದಿಸ್ತಿದ್ದೀಯಾ?" ಅಂದಿದ್ದರು. ಕೊನೆಗೆ ಮೂರು ಕಾಗದದ ಜಾಗ ಬದಲಿಸಿದ್ದೂ ಅವರೇ! ಗುಂಪಿನ ನಡುಮಧ್ಯ ನೆಲದಿಂದ 57 ಇಂಚು ಎತ್ತರಕ್ಕಿರಲಿ, ಫ್ರೇಮುಗಳ ನಡುವೆ 2 ಇಂಚು ಸಂದು. ಸೋಫಾ ಮೇಲಾದರೆ 6ರಿಂದ 8 ಇಂಚು ಬಿಟ್ಟು ಶುರು ಮಾಡಿ. ಭಾರದ್ದಕ್ಕೆ ಮೊಳೆ ನಂಬಬೇಡಿ, ಡ್ರಿಲ್ ಮಾಡಿ ಪ್ಲಗ್, ಸ್ಕ್ರೂ ಹಾಕಿ.

ಪಿನ್ ಬೋರ್ಡನ್ನು ಮಾತ್ರ ಅಂಗಡಿಯಿಂದ ತರಬೇಡಿ. ಕಾಫಿ ತುಂಬಿದ್ದ ಗೋಣಿಚೀಲ ಯಾರ ಮನೆಯಲ್ಲಿಲ್ಲ ಹೇಳಿ? ತೊಳೆದು, ಬಿಸಿಲಿಗೆ ಒಣಗಿಸಿ, ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಮಾಡಿ. 2 ಅಡಿ ಅಗಲ, 3 ಅಡಿ ಉದ್ದದ ಸಾಫ್ಟ್ ಬೋರ್ಡಿನ (ಪಿನ್ ಚುಚ್ಚಬಹುದಾದ ಮೆತ್ತನೆ ಹಲಗೆ) ಮೇಲೆ ಹಾಸಿ ಹಿಂದಕ್ಕೆ ಎಳೆದು ಸ್ಟೇಪಲ್ ಹೊಡೆಯಿರಿ. ನಾಲ್ಕೂ ಬದಿಯ ಮಧ್ಯಕ್ಕೆ ಮೊದಲು, ಮೂಲೆ ಕೊನೆಗೆ. ಮೂಲೆಯಿಂದ ಶುರು ಮಾಡಿದರೆ ಗೋಣಿಯ ಎಳೆ ಸೊಟ್ಟಗಾಗುತ್ತದೆ, ಚೀಲದ ಮೇಲಿನ ಅಕ್ಷರವೂ ಓರೆ. ಕಬ್ಬಿಣದ ಗುಂಡುಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕಾಗದಕ್ಕೆಲ್ಲ ಕಂದು ಕಲೆ ಮಾಡುತ್ತದೆ. ಹಿತ್ತಾಳೆಯದ್ದು ತನ್ನಿ.

ಬೋರ್ಡ್ ಭರ್ತಿ ಮಾಡಬೇಡಿ, ಕಾಲುಭಾಗ ಗೋಣಿ ಕಾಣಲಿ. ನಮ್ಮದರಲ್ಲಿ ಪುತ್ತರಿ ಸುಗ್ಗಿ ಹಬ್ಬದ ಎರಡು ಫೋಟೊ, ಒಂದು ಕರೆಂಟ್ ಬಿಲ್ಲು, ನಟ್ಟನಡುವೆ ಮಾವನ ಮಳೆ ಚೀಟಿ. ದಿನಾ ಬೆಳಿಗ್ಗೆ ಮಳೆ ಅಳತೆ ನೋಡಿ ಬಂದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆಯುತ್ತಾರೆ. ಆ ಜಾಗಕ್ಕೆ ಬೇರೆ ಏನು ಚುಚ್ಚಿದರೂ ಮಧ್ಯಾಹ್ನದೊಳಗೆ ಕಿತ್ತಿರುತ್ತಾರೆ.